ವಿದೇಶಿ ವ್ಯಾಪಾರ ಕಿತ್ತುಕೊಂಡ ಕೆಲಸಕ್ಕೆ ಸರ್ಕಾರ ಎಷ್ಟು ದಿನ ಹಣ ಕೊಡುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. 2010ರಲ್ಲಿ ಅಮೆರಿಕದ ಕಚೇರಿಯೊಂದರ ಕೆಲಸ ನಮ್ಮ ತಂಡಕ್ಕೆ ವರ್ಗವಾಯಿತು. ನಮಗೆ ಕೆಲಸ ಕಲಿಸಿಕೊಟ್ಟವರೇ ಆಮೇಲೆ ಕೆಲಸ ಕಳೆದುಕೊಂಡರು. ಅವರಲ್ಲಿ ಒಬ್ಬರು, ‘ಕೆಲಸ ವಿದೇಶಕ್ಕೆ ಹೋಗಿದ್ದಕ್ಕೆ ಸರ್ಕಾರ ನನಗೆ ಎರಡು ವರ್ಷ ಹಣ ಕೊಟ್ಟು ಓದಿಸುತ್ತದೆ’ ಎಂದಿದ್ದರು. ಈಗ ನನ್ನ ಅತ್ತಿಗೆಗೆ ಅದೇ ಸ್ಥಿತಿ ಬಂದಿದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ಟೈಲರ್ ಆಗಿದ್ದಾರೆ. ಅಮೆರಿಕ ಸುಂಕ ಏರಿಸಿದ ಮೇಲೆ ಆರ್ಡರ್ ಇಲ್ಲವೆಂದು ಅವರ ಲೈನನ್ನೇ ನಿಲ್ಲಿಸಿದ್ದಾರೆ. ‘ರಾಜೀನಾಮೆ ಬರೆದುಕೊಟ್ಟು ಲೆಕ್ಕ ತೆಗೆದುಕೊಂಡು ಹೋಗಿ’ ಎನ್ನುತ್ತಿದ್ದಾರಂತೆ. ಅಮೆರಿಕದ ಆ ಯೋಜನೆ ಏನು? ಈಗಲೂ ಇದೆಯೇ? ನಮ್ಮಲ್ಲಿ ಅಂಥದ್ದು ಇದೆಯೇ?

ಉತ್ತರ: ನಿಮ್ಮ ಅತ್ತಿಗೆಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅಮೆರಿಕದ ಕಥೆಯನ್ನು ನಿಧಾನವಾಗಿ ಓದಬಹುದು, ಇದು ಕಾಯುವ ವಿಷಯವಲ್ಲ.

ಅವರು ದಯವಿಟ್ಟು ರಾಜೀನಾಮೆ ಬರೆದುಕೊಡಬಾರದು. ‘ಲೆಕ್ಕ’ ಎಂದು ಮಾಲೀಕರು ಸಾಮಾನ್ಯವಾಗಿ ಕೊಡುವುದು ಬಾಕಿ ಸಂಬಳ, ಗ್ರಾಚ್ಯುಟಿ ಮತ್ತು ಪಿಎಫ್ ಕಾಗದಗಳನ್ನು. ಹತ್ತು ವರ್ಷ ದುಡಿದವರಿಗೆ ಇವು ರಾಜೀನಾಮೆ ಕೊಟ್ಟರೂ ಸಿಗುತ್ತವೆ, ಕೊಡದಿದ್ದರೂ ಸಿಗುತ್ತವೆ. ಅಂದರೆ ಅವರದ್ದೇ ಹಣವನ್ನು ತೋರಿಸಿ ಸಹಿ ಕೇಳುತ್ತಿದ್ದಾರೆ. ಆ ಸಹಿಯಿಂದ ಕೈತಪ್ಪುವುದು ಬೇರೆಯೇ ಇದೆ. ಆರ್ಡರ್ ಇಲ್ಲವೆಂದು ಮಾಲೀಕರೇ ಕೆಲಸದಿಂದ ತೆಗೆದರೆ ಅದು ಕಾನೂನಿನ ಪ್ರಕಾರ ರಿಟ್ರೆಂಚ್‌ಮೆಂಟ್. ಆಗ ನೋಟಿಸ್ ಅಥವಾ ನೋಟಿಸ್ ಅವಧಿಯ ಸಂಬಳದ ಜೊತೆಗೆ, ಪೂರೈಸಿದ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಹತ್ತು ವರ್ಷಕ್ಕೆ 150 ದಿನದ ವೇತನವಾಯಿತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಸಂಹಿತೆ ಮರುಕೌಶಲ ನಿಧಿ ಎಂಬುದನ್ನೂ ಸೇರಿಸಿದೆ: ರಿಟ್ರೆಂಚ್ ಆದ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ ಮಾಲೀಕರು ಇನ್ನೂ ಹದಿನೈದು ದಿನದ ವೇತನವನ್ನು ಆ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಬ್ಯಾಂಕ್ ಖಾತೆಗೆ ಬರಬೇಕು. ಕಾರ್ಖಾನೆಯಲ್ಲಿ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಸರ್ಕಾರದ ಪೂರ್ವಾನುಮತಿಯೂ ಬೇಕು. ರಾಜೀನಾಮೆ ಪತ್ರವೊಂದು ಕೈಗೆ ಸಿಕ್ಕಿದರೆ ಮಾಲೀಕರಿಗೆ ಇವೆಲ್ಲವೂ ತಪ್ಪುತ್ತವೆ. ಅಷ್ಟೊಂದು ಒತ್ತಾಯ ಮಾಡುವುದು ಇದಕ್ಕೇ.

ಎರಡನೆಯದು ಇಎಸ್‌ಐ. ಅವರ ಸಂಬಳದಿಂದ ಪ್ರತಿ ತಿಂಗಳೂ ಇಎಸ್‌ಐ ಹಿಡಿದಿರುತ್ತಾರೆ. ಅದನ್ನು ಆಸ್ಪತ್ರೆಯ ಹಣ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅದರೊಳಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ: ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು, ಗರಿಷ್ಠ 90 ದಿನ, ಜೀವನದಲ್ಲಿ ಒಮ್ಮೆ ಮಾತ್ರ. ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚುಗಡೆಯಿಂದ ಕೆಲಸ ಹೋದವರಿಗಾಗಿ 2005ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯೂ ಇದೆ. ಅದರ ಅವಧಿ ದೊಡ್ಡದು: ಮೊದಲ ಹನ್ನೆರಡು ತಿಂಗಳು ವೇತನದ ಅರ್ಧ, ನಂತರದ ಹನ್ನೆರಡು ತಿಂಗಳು ಕಾಲು ಭಾಗ. ಎರಡಕ್ಕೂ ವಂತಿಗೆಯ ಷರತ್ತುಗಳಿವೆ. ಯಾವುದಕ್ಕೆ ಅರ್ಹರು ಎಂಬುದನ್ನು ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಮಾ ಸಂಖ್ಯೆ ಕೊಟ್ಟು ಕೇಳಿ. ಆದರೆ ಅಲ್ಲಿ ಅವರು ನೋಡುವ ಮೊದಲ ಕಾಗದವೇ ಕೆಲಸ ಹೇಗೆ ಹೋಯಿತು ಎಂಬುದರದ್ದು. ಆದ್ದರಿಂದ ಹಾಜರಿ ಕಾರ್ಡ್, ಸಂಬಳದ ಚೀಟಿ, ಲೈನ್ ನಿಲ್ಲಿಸಿದ ದಿನ ಹಾಕಿದ ಸೂಚನಾ ಫಲಕದ ಫೋಟೋ, ಸೂಪರ್‌ವೈಸರ್ ಕಳಿಸಿದ ಸಂದೇಶ, ಎಲ್ಲವನ್ನೂ ಈಗಲೇ ಎತ್ತಿಡಲಿ. ಬಲವಂತ ಹೆಚ್ಚಾದರೆ ಗಾರ್ಮೆಂಟ್ಸ್ ಕಾರ್ಮಿಕರ ಸಂಘದವರನ್ನು ಜೊತೆಗಿಟ್ಟುಕೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಲಿಖಿತ ದೂರು ಕೊಡಿ. ಒಬ್ಬರೇ ಹೋಗುವುದಕ್ಕಿಂತ ಅದೇ ಲೈನಿನ ಹತ್ತು ಜನ ಹೋದರೆ ದೂರಿನ ತೂಕವೇ ಬೇರೆ.

ಇನ್ನು ನಿಮ್ಮ ಅಮೆರಿಕದ ಸಹೋದ್ಯೋಗಿಯ ಮಾತು. ಅವರು ಹೇಳಿದ್ದು ನಿಜ. ಯೋಜನೆಯ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಚಿಕ್ಕದಾಗಿ ಟಿಎಎ. ಅದರಲ್ಲಿ ತರಬೇತಿಯ ಶುಲ್ಕ, ಬೇರೆ ಊರಿಗೆ ಹೋಗುವ ಖರ್ಚು ಎಲ್ಲ ಸೇರುತ್ತಿತ್ತು. ವಾರವಾರ ಕೈಗೆ ಬರುತ್ತಿದ್ದ ಹಣಕ್ಕೆ ಟ್ರೇಡ್ ರೀಅಡ್ಜಸ್ಟ್‌ಮೆಂಟ್ ಅಲವೆನ್ಸ್, ಅಂದರೆ ಟಿಆರ್‌ಎ ಎಂದು ಹೆಸರು. ಈಗ ಹೊಸಬರಿಗೆ ಇದು ಇಲ್ಲ. 2022ರ ಜುಲೈ 1ರಿಂದ ಹೊಸ ಗುಂಪುಗಳನ್ನು ಅರ್ಹರೆಂದು ಘೋಷಿಸುವ ಅಧಿಕಾರವೇ ಕಾರ್ಮಿಕ ಇಲಾಖೆಗೆ ಇಲ್ಲವಾಗಿದೆ. ಅರವತ್ತು ವರ್ಷ ನಡೆದ ಯೋಜನೆ ಹೀಗೆ ನಿಂತದ್ದು ಏಕೆ ಎಂದು ತಿಳಿಯಲು ಅದು ಹುಟ್ಟಿದ ಬಗೆಯನ್ನು ನೋಡಬೇಕು.

ಎರಡನೇ ಮಹಾಯುದ್ಧದ ನಂತರ ಅಮೆರಿಕ ಆಮದು ಸುಂಕಗಳನ್ನು ಇಳಿಸುತ್ತ ಹೋಯಿತು. ಸುಂಕ ಇಳಿದರೆ ಇಡೀ ದೇಶಕ್ಕೆ ಸರಕು ಅಗ್ಗವಾಗುತ್ತದೆ, ಆದರೆ ಅದೇ ಸರಕನ್ನು ತಯಾರಿಸುತ್ತಿದ್ದ ಊರಿನ ಕಾರ್ಖಾನೆ ಬಾಗಿಲು ಹಾಕುತ್ತದೆ. ಲಾಭ ಎಲ್ಲರಿಗೂ ಚೂರು ಚೂರಾಗಿ ಸಿಗುತ್ತದೆ, ನಷ್ಟ ಮಾತ್ರ ಕೆಲವರ ತಲೆಯ ಮೇಲೆ ಇಡಿಯಾಗಿ ಬೀಳುತ್ತದೆ. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ ವ್ಯಾಪಾರ ನೀತಿಯನ್ನು ಪರಿಶೀಲಿಸಿದ ರ‍್ಯಾಂಡಲ್ ಆಯೋಗದಲ್ಲಿ ಸದಸ್ಯರಾಗಿದ್ದ ಉಕ್ಕು ಕಾರ್ಮಿಕರ ಸಂಘದ ಅಧ್ಯಕ್ಷ ಡೇವಿಡ್ ಮೆಕ್‌ಡೊನಾಲ್ಡ್ ಈ ಅನ್ಯಾಯವನ್ನೇ ಎತ್ತಿ ತೋರಿಸಿದರು. ದೇಶದ ಹಿತಕ್ಕಾಗಿ ಸುಂಕ ಇಳಿಸುವುದಾದರೆ ಅದರಿಂದ ಬೀದಿಗೆ ಬೀಳುವವರ ಹೊಣೆಯನ್ನು ದೇಶವೇ ಹೊರಲಿ ಎಂಬುದು ಅವರ ವಾದ. ಆಯೋಗ ಒಪ್ಪಲಿಲ್ಲ. ಆಗ ಸೆನೆಟರ್ ಆಗಿದ್ದ ಜಾನ್ ಕೆನಡಿ 1954ರಲ್ಲಿ ಇದೇ ಆಶಯದ ಮಸೂದೆ ತಂದರು. ತಾವೇ ಅಧ್ಯಕ್ಷರಾದ ಮೇಲೆ 1962ರ ವ್ಯಾಪಾರ ವಿಸ್ತರಣಾ ಕಾಯ್ದೆಯಲ್ಲಿ ಅದನ್ನು ಸೇರಿಸಿದರು. ಸುಂಕ ಇಳಿಸುವ ಅಧಿಕಾರ ಅಧ್ಯಕ್ಷರಿಗೆ, ಬದಲಿಗೆ ಕಾರ್ಮಿಕರಿಗೆ ಆಸರೆ. ಸಂಘಗಳು ಈ ಒಪ್ಪಂದವನ್ನು ನಂಬಿ ಕಾಯ್ದೆಯನ್ನು ಬೆಂಬಲಿಸಿದವು.

ನಂಬಿದವರಿಗೆ ಏನು ಸಿಕ್ಕಿತು? 1969ರವರೆಗೆ ಒಬ್ಬನೇ ಒಬ್ಬ ಕಾರ್ಮಿಕನಿಗೂ ಒಂದು ಡಾಲರ್ ಸಿಗಲಿಲ್ಲ. ಕಾನೂನು ಕೇಳುತ್ತಿದ್ದ ಸಾಕ್ಷ್ಯವೇ ಹಾಗಿತ್ತು. ಆಮದು ಹೆಚ್ಚಿದ್ದು ಮುಖ್ಯವಾಗಿ ಸುಂಕ ಇಳಿಸಿದ್ದರಿಂದಲೇ ಎಂದು ತೋರಿಸಬೇಕು. ಆಮೇಲೆ ಕೆಲಸ ಹೋಗಿದ್ದು ಮುಖ್ಯವಾಗಿ ಆ ಆಮದಿನಿಂದಲೇ ಎಂದೂ ತೋರಿಸಬೇಕು. ಕಾರ್ಖಾನೆ ಮುಚ್ಚಲು ಯಂತ್ರ ಹಳೆಯದಾದದ್ದು, ಫ್ಯಾಷನ್ ಬದಲಾದದ್ದು, ಆಡಳಿತ ಕೆಟ್ಟದ್ದು ಹೀಗೆ ನಾಲ್ಕಾರು ಕಾರಣ ಕೂಡಿರುತ್ತವೆ. ಅವುಗಳ ನಡುವೆ ಸುಂಕದ ಪಾಲನ್ನು ಬೇರ್ಪಡಿಸಿ ತೂಗಿ ತೋರಿಸಬೇಕಾದವರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವರು! ಕಾರ್ಮಿಕ ಸಂಘಗಳ ವಲಯದಲ್ಲಿ ಈ ಯೋಜನೆಗೆ ಶವಸಂಸ್ಕಾರದ ವಿಮೆ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

1974ರ ವ್ಯಾಪಾರ ಕಾಯ್ದೆ ಈ ಗಂಟನ್ನು ಸಡಿಲಿಸಿತು. ಆಮದು ಹೆಚ್ಚಲು ಸುಂಕ ಇಳಿಕೆಯೇ ಕಾರಣವಾಗಿರಬೇಕೆಂಬ ಷರತ್ತು ಹೋಯಿತು. ಕೆಲಸ ಹೋಗುವುದರಲ್ಲಿ ಆಮದಿನ ಪಾತ್ರ ಗಣ್ಯವಾಗಿದ್ದರೆ ಸಾಕು, ಉಳಿದೆಲ್ಲ ಕಾರಣಗಳಿಗಿಂತ ದೊಡ್ಡದಾಗಿರಬೇಕಿಲ್ಲ ಎಂದಾಯಿತು. ಹಣವೂ ಉದಾರವಾಗಿತ್ತು: ಹಿಂದಿನ ವೇತನದ ಶೇ 70, ಕಾರ್ಖಾನೆ ಕಾರ್ಮಿಕರ ರಾಷ್ಟ್ರೀಯ ಸರಾಸರಿ ವೇತನವೇ ಅದರ ಮಿತಿ. ಜಪಾನಿನ ಕಾರುಗಳು ಬಂದು ಡೆಟ್ರಾಯ್ಟ್ ನಡುಗಿದಾಗ, 1980ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಈ ಭತ್ಯೆ ಪಡೆದರು. ಒಂದೇ ವರ್ಷದ ಖರ್ಚು ಸುಮಾರು 160 ಕೋಟಿ ಡಾಲರ್. ಯೋಜನೆ ತನ್ನ ಕೆಲಸವನ್ನು ನಿಜವಾಗಿ ಮಾಡಿದ ವರ್ಷ ಅದು. ಮಾಡಿದ್ದಕ್ಕೇ ಅದಕ್ಕೆ ಕತ್ತರಿ ಬಿತ್ತು. 1981ರಲ್ಲಿ ರೇಗನ್ ಸರ್ಕಾರ ಭತ್ಯೆಯನ್ನು ರಾಜ್ಯದ ನಿರುದ್ಯೋಗ ವಿಮೆಯ ಮಟ್ಟಕ್ಕೆ ಇಳಿಸಿತು, ಅದೂ ನಿರುದ್ಯೋಗ ವಿಮೆ ಮುಗಿದ ಮೇಲೆ ಮಾತ್ರ ಎಂದಿತು. 1988ರಿಂದ ತರಬೇತಿಗೆ ಸೇರಿದರೆ ಮಾತ್ರ ಹಣ ಎಂಬ ನಿಯಮ ಬಂತು. ನಿಮ್ಮ ಸಹೋದ್ಯೋಗಿ ಹಣವನ್ನೂ ಓದನ್ನೂ ಜೋಡಿಸಿ ಹೇಳಿದ್ದಕ್ಕೆ ಕಾರಣ ಇದು.

ಈ ಯಂತ್ರ ಹೇಗೆ ಓಡುತ್ತಿತ್ತು ಎಂಬುದಕ್ಕೆ ಒಂದು ಊರನ್ನು ಹತ್ತಿರದಿಂದ ನೋಡೋಣ. ಉತ್ತರ ಕೆರೊಲಿನಾದ ಕನಾಪೊಲಿಸ್ ಒಂದು ಟವೆಲ್ ಕಾರ್ಖಾನೆಗಾಗಿಯೇ ಕಟ್ಟಿದ ಊರು. ಕ್ಯಾನನ್ ಹೆಸರಿನ ಟವೆಲ್, ಬೆಡ್‌ಶೀಟುಗಳು ಅಲ್ಲಿಂದ ಅಮೆರಿಕದ ಮನೆಮನೆಗೆ ಹೋಗುತ್ತಿದ್ದವು. ಕೊನೆಯಲ್ಲಿ ಪಿಲ್ಲೋಟೆಕ್ಸ್ ಎಂಬ ಕಂಪನಿಯ ಕೈಯಲ್ಲಿದ್ದ ಆ ಕಾರ್ಖಾನೆ 2003ರ ಜುಲೈ 30ರಂದು ಮುಚ್ಚಿತು. ಆ ರಾಜ್ಯವೊಂದರಲ್ಲೇ ಸುಮಾರು 4,800 ಜನರ ಕೆಲಸ ಹೋಯಿತು. ತಂದೆ, ಮಗ, ಸೊಸೆ ಒಂದೇ ಗೇಟಿನೊಳಗೆ ದುಡಿಯುತ್ತಿದ್ದ ಮನೆಗಳು. ನಡುವಯಸ್ಸು ದಾಟಿದವರು, ಹೈಸ್ಕೂಲ್ ಮುಗಿಸದೆ ಗಿರಣಿಗೆ ಸೇರಿದವರು ಅವರಲ್ಲಿ ಬಹಳ.

ಅವರಿಗೆ ಟಿಎಎಯನ್ನು ತಿದ್ದಿದ 2002ರ ಕಾನೂನು ಅನ್ವಯಿಸಿತು. ಮೊದಲ ಹೆಜ್ಜೆ ಅರ್ಜಿ. ಅದು ಒಬ್ಬೊಬ್ಬರ ಅರ್ಜಿಯಲ್ಲ, ಗುಂಪಿನದು: ಮೂವರು ಕಾರ್ಮಿಕರು, ಅಥವಾ ಅವರ ಸಂಘ, ಅಥವಾ ಕಂಪನಿ, ಅಥವಾ ರಾಜ್ಯದ ಉದ್ಯೋಗ ಕಚೇರಿ ವಾಷಿಂಗ್ಟನ್ನಿನ ಕಾರ್ಮಿಕ ಇಲಾಖೆಗೆ ಸಲ್ಲಿಸಬೇಕು. ಇಲಾಖೆಯ ತನಿಖಾಧಿಕಾರಿ ಕಂಪನಿಯ ಉತ್ಪಾದನೆ, ಮಾರಾಟದ ಲೆಕ್ಕ ತರಿಸಿಕೊಳ್ಳುತ್ತಾರೆ. ಆ ಕಂಪನಿಯ ಗಿರಾಕಿಗಳಿಗೂ ಪತ್ರ ಹೋಗುತ್ತದೆ: ನೀವು ಇವರಿಂದ ಕೊಳ್ಳುವುದನ್ನು ಕಡಿಮೆ ಮಾಡಿ ವಿದೇಶಿ ಮಾಲನ್ನು ಹೆಚ್ಚು ಕೊಂಡಿರಾ ಎಂದು. ಹೌದು ಎಂಬ ಉತ್ತರಗಳು ಸಾಕಷ್ಟು ಬಂದರೆ ಇಡೀ ಗುಂಪಿಗೆ ಪ್ರಮಾಣಪತ್ರ. ಅರ್ಜಿಗಿಂತ ಒಂದು ವರ್ಷ ಹಿಂದಿನಿಂದ, ಪ್ರಮಾಣಪತ್ರದ ನಂತರ ಎರಡು ವರ್ಷದವರೆಗೆ ಅಲ್ಲಿ ಕೆಲಸ ಕಳೆದುಕೊಂಡವರೆಲ್ಲ ಅದರೊಳಗೆ ಬರುತ್ತಾರೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ರಾಜ್ಯದ ಕಚೇರಿಗೆ ಹೋಗಿ ಮತ್ತೆ ವೈಯಕ್ತಿಕ ಅರ್ಜಿ ಹಾಕಬೇಕು. ಗುಂಪಿಗೆ ಮಂಜೂರಾದದ್ದು ತಿಳಿಯದೆಯೇ ಅವಧಿ ಮೀರಿಸಿಕೊಂಡವರೂ ಕಡಿಮೆಯೇನಿರಲಿಲ್ಲ.

ಹಣದ ಲೆಕ್ಕ ಹೀಗಿತ್ತು. ಮೊದಲ 26 ವಾರ ರಾಜ್ಯದ ನಿರುದ್ಯೋಗ ವಿಮೆ. ಅದು ಮುಗಿದ ಮೇಲೆ 26 ವಾರ ಮೂಲ ಟಿಆರ್‌ಎ. ತರಬೇತಿ ಇನ್ನೂ ನಡೆಯುತ್ತಿದ್ದರೆ ಮತ್ತೆ 52 ವಾರ. ಒಟ್ಟು 104 ವಾರ, ಅಂದರೆ ಎರಡು ವರ್ಷ. ಹೈಸ್ಕೂಲ್ ಮಟ್ಟದ ಓದನ್ನು ಮೊದಲು ತುಂಬಿಕೊಳ್ಳಬೇಕಾದವರಿಗೆ ಇನ್ನೂ 26 ವಾರ ಸೇರಿ 130. ಕನಾಪೊಲಿಸ್‌ನಂಥ ಊರಿಗೆ ಆ ಕೊನೆಯ 26 ವಾರ ಬಹಳ ದೊಡ್ಡದು. ಐವತ್ತರ ವಯಸ್ಸಿನಲ್ಲಿ ಮತ್ತೆ ಬೀಜಗಣಿತಕ್ಕೆ ಕೂರುವವರಿಗೆ ಬೇಕಾದ ಮೊದಲ ವಸ್ತು ಸಮಯ, ಆ ಸಮಯದಲ್ಲಿ ಮನೆಯ ಒಲೆ ಉರಿಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತ್ಯುತ್ತಮ ಅಂಶವೇ ಈ ಉದ್ದದ ಅವಧಿ.

ಆದರೆ ಜೊತೆಗೆ ಗಡುವಿನ ಕತ್ತಿಯೂ ಇತ್ತು. ಕೆಲಸ ಹೋಗಿ 16 ವಾರದೊಳಗೆ, ಅಥವಾ ಪ್ರಮಾಣಪತ್ರ ಬಂದು 8 ವಾರದೊಳಗೆ, ಇವೆರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ತರಬೇತಿಗೆ ಸೇರಿರಬೇಕು ಅಥವಾ ವಿನಾಯಿತಿ ಪತ್ರ ಪಡೆದಿರಬೇಕು. ಮೂವತ್ತು ವರ್ಷ ಒಂದೇ ಗಿರಣಿಯಲ್ಲಿ ಕಳೆದವರು ಮುಂದೆ ಏನಾಗಬೇಕೆಂದು ನಾಲ್ಕು ತಿಂಗಳಲ್ಲಿ ತೀರ್ಮಾನಿಸಬೇಕು. ಸ್ಥಳೀಯ ಸಮುದಾಯ ಕಾಲೇಜಿನ ಮುಂದೆ ಸಾಲು ನಿಂತಿತು. ಕಾಲೇಜಿನ ಸೆಮಿಸ್ಟರು ಶುರುವಾಗುವ ದಿನಕ್ಕೂ ಕಾನೂನಿನ ಗಡುವಿಗೂ ಹೊಂದಿಕೆಯಾಗದೆ ಒದ್ದಾಡಿದವರು ದೇಶದ ಉದ್ದಗಲಕ್ಕೂ ಇದ್ದರು. ಗಡುವು ತೀರಾ ಬಿಗಿಯಾಯಿತೆಂದು ಮುಂದೆ 2009ರಲ್ಲಿ ಅದನ್ನು 26 ವಾರಕ್ಕೆ ಏರಿಸಿದರು.

ಮೊತ್ತದ ಮಾತಿಗೆ ಬಂದರೆ, ಟಿಆರ್‌ಎ ವಾರಕ್ಕೆ ಕೊಡುತ್ತಿದ್ದದ್ದು ಆಯಾ ರಾಜ್ಯದ ನಿರುದ್ಯೋಗ ವಿಮೆಯಷ್ಟೇ. ಅದು ಸಾಮಾನ್ಯವಾಗಿ ಹಳೆಯ ಸಂಬಳದ ಸುಮಾರು ಅರ್ಧ, ಅದಕ್ಕೂ ರಾಜ್ಯ ಹಾಕಿದ ಮಿತಿ ಇದೆ. ಮಿಸಿಸಿಪ್ಪಿಯಲ್ಲಿ ಆ ಮಿತಿ ವಾರಕ್ಕೆ 235 ಡಾಲರ್, ಮ್ಯಾಸಚೂಸೆಟ್ಸ್‌ನಲ್ಲಿ ಈಗ ಅದರ ನಾಲ್ಕು ಪಟ್ಟಿಗೂ ಹೆಚ್ಚು. ವ್ಯಾಪಾರ ನೀತಿ ಇಡೀ ದೇಶದ್ದು, ಒಪ್ಪಂದಕ್ಕೆ ಸಹಿ ಹಾಕುವುದು ವಾಷಿಂಗ್ಟನ್. ಅದರ ಪೆಟ್ಟಿಗೆ ಸಿಗುವ ಪರಿಹಾರ ಮಾತ್ರ ನೀವು ಯಾವ ರಾಜ್ಯದಲ್ಲಿದ್ದೀರಿ ಎಂಬುದರ ಮೇಲೆ! ಇದು ಸರಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಕಡೆಗೆ. 2010ರಲ್ಲಿ ಅವರಿಗೆ ಹಣ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ, ಅದರ ಹಿಂದೆ ನಮ್ಮ ಬೆಂಗಳೂರಿಗೂ ಸಂಬಂಧಪಟ್ಟ ಜಗಳವಿದೆ. ಕಾನೂನು ಹುಟ್ಟಿದ್ದು ಉಕ್ಕು, ಜವಳಿ, ಕಾರುಗಳ ಕಾಲದಲ್ಲಿ. ‘ವಸ್ತು’ ತಯಾರಿಸುತ್ತಿದ್ದವರಿಗೆ ಮಾತ್ರ ನೆರವು ಎಂದು ಅದರಲ್ಲಿತ್ತು. 2000ದ ದಶಕದ ಮೊದಲ ವರ್ಷಗಳಲ್ಲಿ ಸಾಫ್ಟ್‌ವೇರ್ ಕೆಲಸ ಭಾರತಕ್ಕೆ ಹರಿಯಲು ಶುರುವಾದಾಗ ಕೆಲಸ ಕಳೆದುಕೊಂಡ ಪ್ರೋಗ್ರಾಮರುಗಳು ಅರ್ಜಿ ಹಾಕಿದರು. ಇಲಾಖೆ ತಿರಸ್ಕರಿಸಿತು: ಸಿಡಿಯಲ್ಲಿ ತುಂಬಿ ಡಬ್ಬಿಯಲ್ಲಿ ಮಾರಿದರೆ ಸಾಫ್ಟ್‌ವೇರ್ ವಸ್ತು, ತಂತಿಯ ಮೇಲೆ ಹೋದರೆ ಅಲ್ಲ ಎಂಬ ವಾದ. ಕನೆಕ್ಟಿಕಟ್‌ನ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಿ ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್ನಿನಲ್ಲಿದ್ದವರು, ತಮ್ಮ ಕೆಲಸ ಭಾರತಕ್ಕೆ ಹೋಯಿತೆಂದು ಹೇಳಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ಮೆಟ್ಟಿಲೇರಿದರು. ಸಾಫ್ಟ್‌ವೇರ್ ಯಾವ ರೂಪದಲ್ಲಿ ಸಾಗಿದರೂ ಅದು ವಸ್ತುವೇ ಎಂದು ನ್ಯಾಯಾಲಯ ಹೇಳಿತು, 2006ರಲ್ಲಿ ಇಲಾಖೆ ತನ್ನ ನಿಲುವು ಬದಲಿಸಿತು. ಆದರೂ ಕಾಲ್ ಸೆಂಟರಿನವರು, ಬಿಲ್ಲು ವಿಮೆಗಳ ಕಾಗದ ನೋಡುತ್ತಿದ್ದವರು ಹೊರಗೇ ಉಳಿದರು. 2009ರ ತಿದ್ದುಪಡಿ ಸೇವಾ ವಲಯದವರನ್ನೂ ಒಳಗೆ ತೆಗೆದುಕೊಂಡಿತು, ಕೆಲಸ ಯಾವ ದೇಶಕ್ಕೆ ಹೋದರೂ ಸರಿ ಎಂದಿತು. ನಿಮ್ಮವರು ಆ ಕಿಟಕಿ ತೆರೆದಿದ್ದ ಹೊತ್ತಿನಲ್ಲಿ ಕೆಲಸ ಕಳೆದುಕೊಂಡವರು. ಅದೇ ಮಾತಿಗೆ, ಅದೇ ಕೆಲಸ 2003ರಲ್ಲಿ ಬೆಂಗಳೂರಿಗೆ ಬಂದಿದ್ದರೆ ಅವರಿಗೆ ಬಹುಶಃ ತಿರಸ್ಕಾರದ ಪತ್ರ ಬರುತ್ತಿತ್ತು.

ಐವತ್ತು ದಾಟಿದವರಿಗೆ 2002ರಿಂದ ಇನ್ನೊಂದು ದಾರಿಯೂ ಇತ್ತು, ವೇತನ ವಿಮೆ. ತರಬೇತಿ ಬೇಡ, ಬೇಗ ಸಿಕ್ಕಿದ ಕೆಲಸಕ್ಕೆ ಸೇರಿ. ಹೊಸ ಸಂಬಳ ಹಳೆಯದಕ್ಕಿಂತ ಎಷ್ಟು ಕಡಿಮೆಯೋ ಅದರ ಅರ್ಧವನ್ನು ಸರ್ಕಾರ ತುಂಬಿಕೊಡುತ್ತದೆ, ಎರಡು ವರ್ಷದಲ್ಲಿ ಗರಿಷ್ಠ 10,000 ಡಾಲರ್. ಹೊಸ ಕೆಲಸದ ವಾರ್ಷಿಕ ಸಂಬಳ 50,000 ಡಾಲರ್ ಮೀರಬಾರದು. ಅರ್ಥಶಾಸ್ತ್ರಜ್ಞರಾದ ಬೆಂಜಮಿನ್ ಹೈಮನ್, ಬ್ರಯಾನ್ ಕೊವಾಕ್, ಆಡಂ ಲೀವ್ ಐವತ್ತರ ಗೆರೆಯ ಆಚೀಚೆ ಇದ್ದವರನ್ನು ಹೋಲಿಸಿ ನೋಡಿದರು: ಈ ವಿಮೆಗೆ ಅರ್ಹರಾಗಿದ್ದವರು ಬೇಗ ಕೆಲಸಕ್ಕೆ ಸೇರಿದರು, ಹೆಚ್ಚು ಗಳಿಸಿದರು, ಅವರು ಕಟ್ಟಿದ ತೆರಿಗೆ ಮತ್ತು ಉಳಿದ ನಿರುದ್ಯೋಗ ಭತ್ಯೆಯಿಂದ ಸರ್ಕಾರದ ಖರ್ಚೂ ಹಿಂದಕ್ಕೆ ಬಂತು.

ತರಬೇತಿಯ ಬಗ್ಗೆ ಫಲಿತಾಂಶಗಳು ಒಂದಕ್ಕೊಂದು ಜಗಳವಾಡುತ್ತವೆ. 2012ರಲ್ಲಿ ಪ್ರಕಟವಾದ ಸರ್ಕಾರಿ ಮೌಲ್ಯಮಾಪನದಲ್ಲಿ, ಟಿಎಎ ಪಡೆದವರು ನಾಲ್ಕು ವರ್ಷದ ನಂತರವೂ ಪಡೆಯದವರಿಗಿಂತ ಕಡಿಮೆ ಗಳಿಸುತ್ತಿದ್ದರು ಎಂದು ಬಂತು. ಹೈಮನ್ ಬೇರೆ ದಾರಿ ಹಿಡಿದರು. ಅರ್ಜಿಗಳು ಯಾವ ತನಿಖಾಧಿಕಾರಿಯ ಮೇಜಿಗೆ ಹೋಗುತ್ತವೆ ಎಂಬುದು ಹೆಚ್ಚುಕಡಿಮೆ ಅದೃಷ್ಟದ ವಿಷಯ. ಕೆಲವರು ಕೈ ಸಡಿಲ, ಕೆಲವರು ಬಿಗಿ. ಆ ವ್ಯತ್ಯಾಸವನ್ನೇ ಬಳಸಿ ಒಂದೇ ಬಗೆಯ ಕಾರ್ಮಿಕರನ್ನು ಹೋಲಿಸಿದಾಗ, ನೆರವು ಪಡೆದವರ ಹತ್ತು ವರ್ಷದ ಒಟ್ಟು ಗಳಿಕೆ ಸುಮಾರು 50,000 ಡಾಲರ್ ಹೆಚ್ಚಿತ್ತು. ಓದುವಾಗ ಸಂಬಳ ಬಿಟ್ಟ ಮೊದಲ ವರ್ಷಗಳನ್ನು ಮಾತ್ರ ನೋಡಿದರೆ ನಷ್ಟವೇ ಕಾಣುತ್ತದೆ. ನಾನು ಹೈಮನ್ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ. ಆದರೆ ಅದೇ ಲೆಕ್ಕದೊಳಗೆ ನೋವಿನ ಸತ್ಯವೂ ಇದೆ: ಒಂದೇ ಬಗೆಯ ಇಬ್ಬರು ಕಾರ್ಮಿಕರ ಬದುಕು ಯಾವ ಅಧಿಕಾರಿಯ ಮೇಜಿಗೆ ಕಡತ ಹೋಯಿತು ಎಂಬುದರ ಮೇಲೆ ಬೇರೆಬೇರೆಯಾಯಿತು.

1975ರಿಂದ ಸುಮಾರು 50 ಲಕ್ಷ ಜನರನ್ನು ಈ ಯೋಜನೆ ಅರ್ಹರೆಂದು ಗುರುತಿಸಿತು. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಚೀನಾದ ಆಮದಿನ ಪೆಟ್ಟು ಬಿದ್ದ ಪ್ರದೇಶಗಳನ್ನು ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರ ಅಧ್ಯಯನದಲ್ಲಿ ಅಳೆದಾಗ, ತಲಾ ಟಿಎಎ ಹಣ ಹೆಚ್ಚಿದ್ದು ಸೆಂಟುಗಳ ಲೆಕ್ಕದಲ್ಲಿ, ಅಂಗವೈಕಲ್ಯ ಪಿಂಚಣಿ ಹೆಚ್ಚಿದ್ದು ಡಾಲರುಗಳ ಲೆಕ್ಕದಲ್ಲಿ. ಕೆಲಸ ಹೋದವರು ವ್ಯಾಪಾರದ ಹೆಸರಿನ ಬಾಗಿಲಲ್ಲಿ ಜಾಗ ಸಿಗದೆ ಕಾಯಿಲೆಯ ಹೆಸರಿನ ಬಾಗಿಲಿಗೆ ಹೋದರು. ಅಲ್ಲಿಗೆ ಹೋದವರು ದುಡಿಮೆಗೆ ಮರಳುವುದು ಅಪರೂಪ.

ಯೋಜನೆ ನಿಂತದ್ದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇತ್ತು. ವ್ಯಾಪಾರ ಒಪ್ಪಂದಕ್ಕೆ ಮತ ಬೇಕಾದಾಗಲೆಲ್ಲ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಅದನ್ನು ಹಿಗ್ಗಿಸಿತು, ಬೇಡವಾದಾಗ ಕುಗ್ಗಿಸಿತು. ಯೋಜನೆಯನ್ನು ಮುಂದುವರಿಸಿದ್ದ 2015ರ ಕಾನೂನಿನ ಅವಧಿ 2021ರ ಜೂನ್ 30ಕ್ಕೆ ಮುಗಿಯಿತು. ಆಮೇಲೆ ಒಂದು ವರ್ಷ ಹಳೆಯ ಬಿಗಿ ನಿಯಮ ಬಂತು, ಸೇವಾ ವಲಯದವರು ಮತ್ತೆ ಹೊರಬಿದ್ದರು. ಅಧ್ಯಕ್ಷರಿಗೆ ಹೊಸ ಒಪ್ಪಂದಗಳನ್ನು ತ್ವರಿತವಾಗಿ ಮಾಡಿಕೊಳ್ಳುವ ಅಧಿಕಾರ ಕೊಟ್ಟರೆ ಮಾತ್ರ ಇದನ್ನೂ ಮುಂದುವರಿಸೋಣ ಎಂಬ ಪಟ್ಟು ಒಂದು ಕಡೆ, ಕೊಡುವುದಿಲ್ಲ ಎಂಬುದು ಇನ್ನೊಂದು ಕಡೆ. ಒಪ್ಪಂದಗಳೇ ನಿಂತಾಗ ಕಾರ್ಮಿಕರಿಗೆ ಕೊಡಬೇಕಾದ ಬೆಲೆಯೂ ನಿಂತಿತು.

ನಮ್ಮಲ್ಲಿ ಇಂಥದ್ದು ಇದೆಯೇ ಎಂದು ಕೇಳಿದ್ದೀರಿ. ವ್ಯಾಪಾರದಿಂದ ಕೆಲಸ ಹೋದವರಿಗೆಂದೇ ಇರುವ ಯೋಜನೆ ಭಾರತದಲ್ಲಿ ಇಲ್ಲ. ರಾಮನಗರ, ಶಿಡ್ಲಘಟ್ಟದ ರೀಲರುಗಳಿಗೆ, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರಿಗೆ, ಇದು ಅನುಭವದಿಂದ ಗೊತ್ತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಗೂಡಿನ ಬೆಲೆ ಬಿತ್ತು, 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸುವವರೆಗೆ ಬೀದಿಗಿಳಿದು ಕೂಗಬೇಕಾಯಿತು. ಆ ನಡುವೆ ನೂಲು ತೆಗೆಯುವ ಒಲೆ ಆರಿದ ಮನೆಗಳಿಗೆ, ಅಲ್ಲಿ ಕೂಲಿಗೆ ಬರುತ್ತಿದ್ದ ಹೆಂಗಸರಿಗೆ ವಾರದ ಭತ್ಯೆ ಕೊಡುವ ಯಾವ ಕಚೇರಿಯೂ ಇರಲಿಲ್ಲ.

ಆದರೂ ಅಮೆರಿಕದ ಯೋಜನೆಯನ್ನು ಹಾಗೆಯೇ ತಂದು ನಿಲ್ಲಿಸಿ ಎಂದು ನಾನು ಹೇಳಲಾರೆ. ಕಾರಣ ನಿಮ್ಮ ಅತ್ತಿಗೆಯೇ. ಟಿಎಎ ನೆರವಿಗೆ ಬರುತ್ತಿದ್ದದ್ದು ಆಮದು ಹೆಚ್ಚಿದಾಗ ಅಥವಾ ಕೆಲಸ ವಿದೇಶಕ್ಕೆ ಹೋದಾಗ, ಮತ್ತು ಅಂಥ ಕಾರ್ಖಾನೆಗೆ ಮಾಲು ಪೂರೈಸುತ್ತಿದ್ದವರಿಗೆ. ಬೇರೆ ದೇಶ ಸುಂಕ ಹಾಕಿ ನಮ್ಮ ರಫ್ತು ನಿಂತರೆ ಅದು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. 2025ರ ಆಗಸ್ಟ್ 27ರಿಂದ ಭಾರತದ ಬಹುತೇಕ ಸರಕಿನ ಮೇಲೆ ಅಮೆರಿಕ ಶೇ 50ರಷ್ಟು ಸುಂಕ ಹೇರಿದಾಗ ಪೆಟ್ಟು ಬಿದ್ದದ್ದು ರಫ್ತಿಗೆ. ಟಿಎಎಯ ಅಕ್ಷರಶಃ ನಕಲು ಇಲ್ಲಿದ್ದಿದ್ದರೂ ಆಕೆಯ ಅರ್ಜಿ ತಿರಸ್ಕೃತವಾಗುತ್ತಿತ್ತು. ವಿದೇಶಿ ವ್ಯಾಪಾರದಿಂದಲೇ ಕೆಲಸ ಹೋದವರಿಗೂ ವಿದೇಶಿ ವ್ಯಾಪಾರದ ಯೋಜನೆ ಒದಗದು!

ಯುರೋಪ್ ಒಕ್ಕೂಟ ಇದನ್ನು ತಡವಾಗಿ ಅರಿತುಕೊಂಡಿತು. 2007ರಲ್ಲಿ ಅದು ಆರಂಭಿಸಿದ ಜಾಗತೀಕರಣ ಹೊಂದಾಣಿಕೆ ನಿಧಿಗೆ ಮೊದಲು ಒಂದು ಸಾವಿರ ಕೆಲಸ ಹೋಗಿರಬೇಕಿತ್ತು, ಕಾರಣ ಜಾಗತಿಕ ವ್ಯಾಪಾರ ಎಂದು ತೋರಿಸಬೇಕಿತ್ತು. ಡೆಲ್ ಕಂಪನಿ ಐರ್ಲೆಂಡಿನ ಲಿಮರಿಕ್‌ನಿಂದ ಪೋಲೆಂಡಿಗೆ ಹೋದಾಗ ಅಲ್ಲಿನವರಿಗೆ ನೆರವಾದದ್ದು ಈ ನಿಧಿಯೇ. 2021ರ ನಿಯಮದಲ್ಲಿ ಸಂಖ್ಯೆ ಇನ್ನೂರಕ್ಕೆ ಇಳಿಯಿತು, ಕಾರಣ ಏನೆಂದು ಕೇಳುವುದನ್ನೇ ಬಿಟ್ಟರು. ವ್ಯಾಪಾರವೋ, ಯಂತ್ರವೋ, ಹವಾಮಾನ ನೀತಿಯೋ, ಕೆಲಸ ಹೋಗಿದೆಯೇ ಎಂದಷ್ಟೇ ನೋಡುತ್ತಾರೆ. ಆದರೆ ಆ ನಿಧಿ ಸಾಮಾನ್ಯ ನಿರುದ್ಯೋಗ ಭತ್ಯೆ ಕೊಡುವುದಿಲ್ಲ, ಅದನ್ನು ಆಯಾ ದೇಶವೇ ನೋಡಿಕೊಳ್ಳಬೇಕು.

ನಮಗೆ ಬೇಕಾದದ್ದು ಕಾರಣ ಕೇಳದ, ಸಾಕಷ್ಟು ದಿನ ನಡೆಯುವ ನಿರುದ್ಯೋಗ ಭತ್ಯೆ. ಅದರ ಬೀಜ ಇಎಸ್‌ಐನಲ್ಲಿ ಈಗಾಗಲೇ ಇದೆ. ಅಟಲ್ ಯೋಜನೆ ಕೆಲಸ ಹೋಗಿದ್ದು ಆಮದಿನಿಂದಲೋ ರಫ್ತಿನಿಂದಲೋ ಎಂದು ಕೇಳುವುದಿಲ್ಲ. ಕೊರತೆಯಿರುವುದು ಅವಧಿಯಲ್ಲಿ ಮತ್ತು ವ್ಯಾಪ್ತಿಯಲ್ಲಿ. 90 ದಿನದಲ್ಲಿ ಯಾರೂ ಹೊಸ ಕಸುಬು ಕಲಿಯಲಾರರು. ಜೀವನಕ್ಕೊಮ್ಮೆ ಎಂಬ ಷರತ್ತು ಗಾರ್ಮೆಂಟ್ಸ್‌ನಂಥ ಏರಿಳಿತದ ಉದ್ಯಮಕ್ಕೆ ಹೊಂದುವುದಿಲ್ಲ. ತಿಂಗಳ ವೇತನ 21,000 ರೂಪಾಯಿ ದಾಟಿದವರು ಇಎಸ್‌ಐ ಒಳಗೇ ಇಲ್ಲ, ಅಂದರೆ ನಾಳೆ ನಿಮ್ಮ ತಂಡದ ಕೆಲಸ ಬೇರೆ ದೇಶಕ್ಕೆ ಹೋದರೆ ನಿಮಗೆ ಖಚಿತವಾಗಿ ಉಳಿಯುವುದು ನೋಟಿಸ್ ಅವಧಿಯ ಸಂಬಳ, ಗ್ರಾಚ್ಯುಟಿ ಮತ್ತು ನಿಮ್ಮದೇ ಪಿಎಫ್ ಹಣ. 2020ರಲ್ಲಿ ಕೋವಿಡ್ ಹೊಡೆತಕ್ಕೆ ಈ ಭತ್ಯೆಯನ್ನು ವೇತನದ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿದ್ದು ಇಎಸ್‌ಐ ನಿಗಮವೇ, ಸಂಸತ್ತಿನಲ್ಲಿ ಹೊಸ ಕಾಯ್ದೆ ತರದೆಯೇ. ಅವಧಿ ಹೆಚ್ಚಿಸುವುದನ್ನೂ ಅದೇ ದಾರಿಯಲ್ಲಿ ಮಾಡಬಹುದು. ನಿಗಮದಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಸ್ಥಾನವಿದೆ. ಅತ್ತಿಗೆಯವರ ಸಂಘ ಕಾರ್ಮಿಕ ಭವನಕ್ಕೆ ದೂರು ಕೊಡುವಾಗಲೇ ಈ ಬೇಡಿಕೆಯ ಪ್ರತಿಯೊಂದನ್ನು ನಿಗಮದ ಪ್ರಾದೇಶಿಕ ಕಚೇರಿಗೂ ಕಳಿಸಲಿ.